ಹಳೆಯ ಓಮ್ನಿಯ ಪ್ರೊಪೆಲ್ಲರ್ ಶಾಫ್ಟ್ ನಡುಕ: ಕ್ರಾಸ್ ಬದಲಿಸಿದ ಮೇಲೂ ಉಳಿದದ್ದು ಏಕೆ

ಓಮ್ನಿ ನಡುಗುತ್ತದೆ ಅಂದರೆ ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಮೊದಲು ಬರುವ ಮಾತು, "ಕ್ರಾಸ್ ಹೋಗೇತ್ರಿ, ಹೊಸಾದು ಹಾಕೂಣು." ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಸುತ್ತು ಒಯ್ಯುವ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್; ಅದು ಓರೆಯಾಗಿಯೂ ತಿರುಗುವಂತೆ ಎರಡೂ ತುದಿಯ ಕೂಡಿಕೆಯಲ್ಲಿರುವ ಪ್ಲಸ್ ಆಕಾರದ ಸಾಮಾನು ಕ್ರಾಸ್. ಹೆಚ್ಚಿನ ಸಲ ಆ ಮಾತು ಸುಳ್ಳಾಗುವುದಿಲ್ಲ. ನಾನು ರಿಪೇರಿ ಮಾಡಿದ 2005ರ ಓಮ್ನಿಯಲ್ಲಿ ಕ್ರಾಸ್ ಹೋಗಿದ್ದೂ ನಿಜ, ಎರಡೂ ಕ್ರಾಸ್ ಬದಲಿಸಿದ ಮೇಲೆ ನಡುಕ ಉಳಿದದ್ದೂ ನಿಜ. ಒಂದೇ ಶಾಫ್ಟಿನಲ್ಲಿ ಮೂರು ದೋಷಗಳಿದ್ದವು: ಗ್ರೀಸಿಲ್ಲದೆ ಸವೆದ ಕ್ರಾಸ್, ಕಳಚಿಬಿದ್ದ ಬ್ಯಾಲೆನ್ಸ್ ತೂಕ, ತಪ್ಪಿಹೋದ ಪಿನಿಯನ್ ಕೋನ (ಪಿನಿಯನ್ ಎಂದರೆ ಶಾಫ್ಟಿನ ಸುತ್ತನ್ನು ಹಿಂದಿನ ಆಕ್ಸಲ್ಲಿಗೆ ಕೊಡುವ ಗೇರು). ಮೂರರ ನಡುಕವೂ ಬೇರೆ ಬೇರೆ. ಸಾಮಾನು ಬಿಚ್ಚುವ ಮುಂಚೆ ಅಳೆದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಲಕ್ಷಣ ಹೀಗಿತ್ತು. 55 ಕಿ.ಮೀ. ದಾಟುತ್ತಲೇ ಸೀಟಿನ ಕೆಳಗಿನ ತಗಡಿನಲ್ಲಿ ನಡುಕ ಶುರು, 60ರಿಂದ 65ರ ನಡುವೆ ಜೋರು. ಸ್ಟೀರಿಂಗ್ ಅಲುಗುತ್ತಿರಲಿಲ್ಲ, ಆದ್ದರಿಂದ ಮುಂದಿನ ಚಕ್ರದ ಮೇಲೆ ಅನುಮಾನ ಕಡಿಮೆ. ನಿಂತ ಗಾಡಿಗೆ ಗೇರ್ ಹಾಕಿ ಕ್ಲಚ್ ಬಿಡುವಾಗ ಕೆಳಗೆ "ಟಕ್" ಎಂಬ ಸದ್ದು. ಆಕ್ಸಿಲರೇಟರ್ ಬಿಟ್ಟಾಗ ನಡುಕದ ಜೊತೆಗೆ ಒಂದು ಗುಂಯ್ ಎನ್ನುವ ದನಿ, ಮತ್ತೆ ಒತ್ತಿದರೆ ಆ ದನಿ ಕಡಿಮೆ. ಈ ಕೊನೆಯ ಲಕ್ಷಣವನ್ನು ಮೊದಲ ದಿನವೇ ಬರೆದಿಟ್ಟುಕೊಂಡದ್ದು ಕೊನೆಗೆ ಬಹಳ ಉಪಯೋಗಕ್ಕೆ ಬಂತು.

ಪರೀಕ್ಷೆಗೆ ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ಅಣ್ಣಿಗೇರಿ ಕಡೆಯ ಒಂದೇ ನೇರ ತುಂಡನ್ನು ಹಿಡಿದುಕೊಂಡೆ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಪ್ರತಿ ಸಲ ರಸ್ತೆ ಬದಲಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಟೈರಿನ ಗಾಳಿ, ಒಳಗಿನ ಭಾರ ಕೂಡ ಪ್ರತಿ ಸಲ ಅಷ್ಟೇ ಇರಬೇಕು.

ಮೊದಲು ಎಂಜಿನ್ನನ್ನು ಬೇರೆ ಮಾಡಬೇಕು. ಓಮ್ನಿಯ ನಾಲ್ಕನೇ ಗೇರ್ ನೇರ ಗೇರ್, ಅಂದರೆ ಎಂಜಿನ್ ಎಷ್ಟು ಸುತ್ತುತ್ತದೋ ಶಾಫ್ಟೂ ಅಷ್ಟೇ ಸುತ್ತುತ್ತದೆ. ಹಾಗಾಗಿ ನಾಲ್ಕನೇ ಗೇರಿನಲ್ಲಿ ಬರುವ ನಡುಕ ಎಂಜಿನ್ ಮೌಂಟಿಂಗ್‌ನದೋ ಶಾಫ್ಟಿನದೋ ಹೇಳಲಾಗುವುದಿಲ್ಲ. ಬಹಳ ಮಂದಿ ಇಲ್ಲೇ ದಾರಿ ತಪ್ಪುತ್ತಾರೆ. ಅದೇ 60 ಕಿ.ಮೀ. ವೇಗದಲ್ಲಿ ಮೂರನೇ ಗೇರಿಗೆ ಇಳಿಸಿದರೆ ಎಂಜಿನ್ ಸುತ್ತು ಏರುತ್ತದೆ, ಶಾಫ್ಟಿನ ಸುತ್ತು ಇದ್ದಷ್ಟೇ ಇರುತ್ತದೆ. ನಡುಕ ಬದಲಾಗಲಿಲ್ಲ. ಆಮೇಲೆ 70ರಿಂದ ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಟ್ಟೆ. 65ರಿಂದ 60ರ ನಡುವೆ ಅದೇ ನಡುಕ. ಎಂಜಿನ್, ಕ್ಲಚ್ ಎರಡೂ ಲೆಕ್ಕದಿಂದ ಹೊರಗೆ. ಈ ಪರೀಕ್ಷೆಯಲ್ಲಿ ಎಂಜಿನ್ ಚಾಲೂ ಇರಲಿ, ಕೀ ಮುಟ್ಟಬೇಡಿ. ಹಿಂದೆ ಮುಂದೆ ಗಾಡಿ ಇಲ್ಲದಾಗ ಮಾತ್ರ ಮಾಡಿ.

ಇನ್ನು ಉಳಿದದ್ದು ಚಕ್ರವೋ ಶಾಫ್ಟೋ ಎಂಬುದು. ಟೈರಿಗೆ ಸುಣ್ಣದ ಗೆರೆ ಎಳೆದು, ಸಿಮೆಂಟ್ ನೆಲದ ಮೇಲೆ ಒಂದು ಸುತ್ತು ಉರುಳಿಸಿ ಟೇಪಿನಿಂದ ಅಳೆದೆ: 1.65 ಮೀಟರ್. 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು. ಶಾಫ್ಟಿನ ಲೆಕ್ಕಕ್ಕೆ ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಮಾತ್ರ ಎತ್ತಿ, ನ್ಯೂಟ್ರಲ್‌ನಲ್ಲಿ ಅದನ್ನು ಕೈಯಿಂದ 16 ಸುತ್ತು ತಿರುಗಿಸಿದೆ. ಶಾಫ್ಟ್ 41 ಸುತ್ತು ತಿರುಗಿತು. ಒಂದು ಚಕ್ರ ನೆಲದ ಮೇಲಿದ್ದಾಗ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಸುತ್ತು ಹಂಚುವ ಗೇರುಗಳ ಜೋಡಣೆ) ಶಾಫ್ಟಿಗೆ ಅರ್ಧ ಸುತ್ತನ್ನಷ್ಟೇ ಕೊಡುತ್ತದೆ. ಆದ್ದರಿಂದ ಆ 16 ನಿಜಕ್ಕೆ 8, ಅನುಪಾತ 41ಕ್ಕೆ 8, ಅಂದರೆ 5.125. ಇದನ್ನು ಮರೆತರೆ ಲೆಕ್ಕ ಅರ್ಧಕ್ಕೆ ಇಳಿದು ಎಲ್ಲ ತಪ್ಪುತ್ತದೆ. 60 ಕಿ.ಮೀ.ಗೆ ಶಾಫ್ಟ್ ಸೆಕೆಂಡಿಗೆ 52 ಸುತ್ತು, ನಿಮಿಷಕ್ಕೆ ಸುಮಾರು 3100.

ಫೋನನ್ನು ಸೀಟಿನ ಹತ್ತಿರದ ತಗಡಿಗೆ ಗಟ್ಟಿಯಾಗಿ ಅಂಟಿಸಿ, ಫೈಫಾಕ್ಸ್ ಎಂಬ ಉಚಿತ ಆ್ಯಪಿನಲ್ಲಿ ಕಂಪನದ ಸ್ಪೆಕ್ಟ್ರಮ್ (ಸೆಕೆಂಡಿಗೆ ಎಷ್ಟು ಸಲದ ಕಂಪನ ಎಷ್ಟು ಜೋರು ಎಂದು ತೋರಿಸುವ ನಕ್ಷೆ) ತೆಗೆದೆ. ಸೆಕೆಂಡಿಗೆ 10ರಲ್ಲಿ ಶಿಖರ ಬಂದರೆ ಚಕ್ರ ಅಥವಾ ಟೈರು. 52ರಲ್ಲಿ ಬಂದರೆ ಶಾಫ್ಟಿನ ಅಸಮತೂಕ, ಏಕೆಂದರೆ ಒಂದು ಬದಿ ಭಾರವಾದರೆ ಸುತ್ತಿಗೊಮ್ಮೆ ಎಳೆಯುತ್ತದೆ. 104ರಲ್ಲಿ ಬಂದರೆ ಕ್ರಾಸಿನ ಕೋನ, ಏಕೆಂದರೆ ಓರೆಯಾಗಿ ಕೂತ ಕ್ರಾಸ್ ಸುತ್ತಿಗೆರಡು ಸಲ ವೇಗ ಹೆಚ್ಚು ಕಡಿಮೆ ಮಾಡುತ್ತದೆ. ನನಗೆ 52ರಲ್ಲಿ ದೊಡ್ಡ ಶಿಖರ, 104ರಲ್ಲಿ ಸಣ್ಣದು ಎರಡೂ ಕಂಡವು. 10ರಲ್ಲಿ ಏನೂ ಇಲ್ಲ. ಒಂದು ಎಚ್ಚರಿಕೆ: ಫೋನ್ ಸೆಕೆಂಡಿಗೆ 100 ಸಲ ಮಾತ್ರ ಅಳೆಯುವಂಥದ್ದಾದರೆ 50ಕ್ಕಿಂತ ಮೇಲಿನದನ್ನು ತಪ್ಪಾಗಿ ತೋರಿಸುತ್ತದೆ, 52 ಇದ್ದದ್ದು 48 ಎಂದು ಕಾಣುತ್ತದೆ. 104 ನೋಡಬೇಕಿದ್ದರೆ 250 ಸಲವಾದರೂ ಅಳೆಯುವ ಫೋನ್ ಬೇಕು.

ಗಾಡಿಯ ಕೆಳಗೆ ಹೋಗುವ ಮುಂಚೆ ತೊಳೆಯಿರಿ. ನವಲಗುಂದ, ಕುಂದಗೋಳದ ಕಡೆ ಮಳೆಗಾಲದಲ್ಲಿ ಓಡಿದ ಗಾಡಿಯ ಶಾಫ್ಟಿಗೂ ರಿಮ್ಮಿನ ಒಳಗೂ ಎರೆಮಣ್ಣು ಮೆತ್ತಿಕೊಂಡು ಕಲ್ಲಿನಂತೆ ಒಣಗುತ್ತದೆ. ಶಾಫ್ಟಿನ ಮಧ್ಯರೇಖೆಯಿಂದ 3 ಸೆಂ.ಮೀ. ದೂರದಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೂ 3100 ಸುತ್ತಿನಲ್ಲಿ ಆರು ಕಿಲೋಕ್ಕಿಂತ ಹೆಚ್ಚಿನ ಎಳೆತ ಹುಟ್ಟುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕಿಳಿಯುತ್ತದೆ, 30 ಕಿ.ಮೀ.ಗೆ ಏನೂ ಅನ್ನಿಸದ ಗಾಡಿ 60ಕ್ಕೆ ನಡುಗುವುದು ಇದಕ್ಕೇ. ಕಟ್ಟಿಗೆಯ ಚೂಪು ತುಂಡಿನಿಂದ ಕೆರೆದು, ನೀರು ಹೊಡೆದು, ಮತ್ತೊಮ್ಮೆ ಓಡಿಸಿ ನೋಡಿದ ಮೇಲೆಯೇ ಸ್ಪ್ಯಾನರ್ ಹಿಡಿದೆ. ಇಲ್ಲಿ ಮಣ್ಣು ಕಾರಣವಾಗಿರಲಿಲ್ಲ, ಆದರೆ ತೊಳೆದಾಗ ಶಾಫ್ಟಿನ ಹಿಂದಿನ ತುದಿಯಲ್ಲಿ ಎರಡು ಸ್ಪಾಟ್ ವೆಲ್ಡಿಂಗ್ ಗುರುತು, ಸುತ್ತ ಬಣ್ಣವಿಲ್ಲದ ಚೌಕ ಕಂಡಿತು. ತೂಕದ ತಗಡು ಬಿದ್ದುಹೋಗಿತ್ತು.

ಕ್ರಾಸ್ ಪರೀಕ್ಷೆಗೆ ಚಕ್ರ ನೆಲದ ಮೇಲಿರುವಾಗಲೇ ಎರಡೂ ಬದಿಯ ಯೋಕ್ (ಕ್ರಾಸನ್ನು ಹಿಡಿದಿರುವ ಕವಲು) ಹಿಡಿದು ಒಂದಕ್ಕೊಂದು ವಿರುದ್ಧ ತಿರುಗಿಸಿ, ಮೇಲೆ ಕೆಳಗೆ ಎತ್ತಿ. ಸ್ವಲ್ಪವೂ ಪ್ಲೇ, ಅಂದರೆ ಸಡಿಲ, ಇರಬಾರದು. ಪ್ಲೇ ಇಲ್ಲದ ಕ್ರಾಸೂ ಹೋಗಿರಬಹುದು: ಶಾಫ್ಟ್ ಬಿಚ್ಚಿದ ಮೇಲೆ ಬೆರಳಿನಿಂದ ಬಾಗಿಸಿದಾಗ ನಡುವೆ ಒಂದು ಕಡೆ ಹಲ್ಲು ಕಚ್ಚಿದಂತೆ ನಿಂತರೆ ಸೂಜಿ ಬೇರಿಂಗುಗಳು ಕ್ರಾಸಿನ ಮೇಲೆ ಗೀರು ಕೊರೆದಿವೆ ಎಂದು ಅರ್ಥ. ಹಿಂದಿನ ಕ್ರಾಸಿನಲ್ಲಿ ಒಂದು ಕಪ್ (ಕ್ರಾಸಿನ ತುದಿಗೆ ಕೂರುವ, ಸೂಜಿ ಬೇರಿಂಗುಗಳಿರುವ ಬಟ್ಟಲು) ಪೂರ್ತಿ ಒಣಗಿ, ಒಳಗೆ ಗ್ರೀಸಿನ ಬದಲು ಕೆಂಪು ತುಕ್ಕಿನ ಪುಡಿ ಇತ್ತು.

ಬಿಚ್ಚುವ ಮುಂಚೆ ಪಿನಿಯನ್ ಫ್ಲ್ಯಾಂಜಿಗೂ (ಶಾಫ್ಟನ್ನು ಬೋಲ್ಟಿನಿಂದ ಬಿಗಿಯುವ ಬಿಲ್ಲೆ) ಶಾಫ್ಟಿಗೂ ಸೇರಿಸಿ ಬಿಳಿ ಬಣ್ಣದ ಒಂದು ಗೆರೆ. ತಿರುಗಿಸಿ ಹಾಕಿದರೆ ಫ್ಲ್ಯಾಂಜಿನ ಓರೆ, ಶಾಫ್ಟಿನ ಭಾರ ಎರಡೂ ಒಂದೇ ಬದಿಗೆ ಸೇರಿಬಿಡಬಹುದು. ಗಾಡಿಯ ಹಿಂಭಾಗ ಎತ್ತರವಿದ್ದರೆ ಶಾಫ್ಟ್ ಎಳೆದಾಗ ಗೇರ್ ಆಯಿಲ್ ಚೆಲ್ಲುವುದಿಲ್ಲ. ಸ್ಟ್ಯಾಂಡ್ ಇಲ್ಲದೆ ಬರೀ ಜಾಕಿನ ಮೇಲೆ ಕೆಳಗೆ ಹೋಗಬೇಡಿ. ಗೇರ್ ಬಾಕ್ಸಿನ ಬಾಲದಲ್ಲಿ ಸ್ಲೈಡಿಂಗ್ ಯೋಕನ್ನು ಮೇಲೆ ಕೆಳಗೆ ಅಲುಗಿಸಿ ಬುಶ್ ಸಡಿಲವಿದೆಯೇ ನೋಡಿ. ಬುಶ್ ಹೋಗಿದ್ದರೆ ಹೊಸ ಆಯಿಲ್ ಸೀಲ್ ಹಾಕಿದರೂ ಮತ್ತೆ ಸೋರುತ್ತದೆ, ಶಾಫ್ಟ್ ಎಷ್ಟು ಬ್ಯಾಲೆನ್ಸ್ ಮಾಡಿದರೂ ನಡುಗುತ್ತದೆ.

ಕ್ರಾಸ್ ತೆಗೆಯಲು ಸುತ್ತಿಗೆಗಿಂತ ಬೆಂಚ್ ವೈಸ್ ಒಳ್ಳೆಯದು. ಕಪ್ಪುಗಳನ್ನು ಹಿಡಿದಿಡುವ ಉಂಗುರ, ಅಂದರೆ ಸರ್ಕ್ಲಿಪ್, ನಾಲ್ಕೂ ತೆಗೆದು, ಒಂದು ಬದಿಗೆ ಕಪ್ಪಿಗಿಂತ ಸಣ್ಣ ಸಾಕೆಟ್, ಎದುರಿಗೆ ಕಪ್ ಒಳಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು ಒತ್ತಬೇಕು. ಶಾಫ್ಟಿನ ಕೊಳವೆಯನ್ನು ವೈಸಿಗೆ ಸಿಕ್ಕಿಸಬಾರದು, ತಗ್ಗು ಬಿದ್ದರೆ ಶಾಫ್ಟೇ ಹೋಯಿತು. ಹೊಸ ಕ್ರಾಸ್ ತರುವಾಗ ಹಳೆಯದನ್ನು ಕೈಯಲ್ಲಿ ಒಯ್ದು ವರ್ನಿಯರ್‌ನಿಂದ ಕಪ್ಪಿನ ವ್ಯಾಸ, ಒಟ್ಟು ಉದ್ದ ಎರಡನ್ನೂ ಅಂಗಡಿಯಲ್ಲೇ ಹೋಲಿಸಿ. ಕೂರಿಸುವಾಗ ಕ್ರಾಸಿನ ತುದಿಯನ್ನು ಕಪ್ಪಿನೊಳಗೆ ತೂರಿಸಿಕೊಂಡೇ ಒತ್ತಿ, ಆಗ ಸೂಜಿಗಳು ಬೀಳುವುದಿಲ್ಲ. ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರದಿದ್ದರೆ ಹೊಡೆದು ಕೂರಿಸಬೇಡಿ, ಕಪ್ಪಿನ ತಳದಲ್ಲಿ ಒಂದು ಸೂಜಿ ಅಡ್ಡ ಬಿದ್ದಿರುತ್ತದೆ; ಮತ್ತೆ ತೆಗೆಯಿರಿ. ಎದುರುಬದುರಿನ ಸರ್ಕ್ಲಿಪ್ಪುಗಳು ಒಂದೇ ದಪ್ಪ ಇರಲೇಬೇಕು. ಒಂದು ಹಳೆಯದು, ಒಂದು ಹೊಸದು ಹಾಕಿದರೆ ಕ್ರಾಸ್ ಮಧ್ಯ ಬಿಟ್ಟು ಸರಿಯುತ್ತದೆ, ಜೊತೆಗೆ ಇಡೀ ಶಾಫ್ಟೂ ಸರಿಯುತ್ತದೆ. ಎಲ್ಲ ಕೂತ ಮೇಲೆ ಯೋಕಿನ ಕಿವಿಗಳಿಗೆ ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಬಿಗಿ ಹಿಡಿದ ಕ್ರಾಸ್ ಸಡಿಲಗೊಂಡು ಬೆರಳಿಗೆ ಬಾಗಬೇಕು.

ಇಷ್ಟಾದ ಮೇಲೆ "ಟಕ್" ಸದ್ದು ಹೋಯಿತು. 52ರ ಶಿಖರ ಸ್ವಲ್ಪ ತಗ್ಗಿತು ಅಷ್ಟೇ. ಇಲ್ಲಿ ಇನ್ನೊಂದು ಕ್ರಾಸ್ ಸೆಟ್ ತರುವುದು ದುಡ್ಡು ಹಾಳು.

ಡಯಲ್ ಗೇಜನ್ನು ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ಕೂರಿಸಿ, ಶಾಫ್ಟ್ ಕೈಯಿಂದ ತಿರುಗಿಸಿ ಮೂರು ಕಡೆ ಓಡಾಟ (ಒಂದು ಸುತ್ತಿನಲ್ಲಿ ಡಯಲ್ ಮುಳ್ಳಿನ ಒಟ್ಟು ಏರಿಳಿತ) ಅಳೆದೆ: ಮುಂದೆ 0.2, ಮಧ್ಯ 0.9, ಹಿಂದೆ 0.3 ಮಿ.ಮೀ. ಡಯಲ್ 0.9 ತೋರಿಸಿದರೆ ಕೊಳವೆ ನಿಜಕ್ಕೆ ಸರಿದದ್ದು ಅದರ ಅರ್ಧ. ಆದರೂ ಅರ್ಧ ಮಿ.ಮೀ. ಮೀರಿದ ಶಾಫ್ಟನ್ನು ನಾನು ಗಾಡಿಗೆ ಹಾಕುವುದಿಲ್ಲ. ಬ್ಯಾಲೆನ್ಸ್ ತೂಕದ ಅನುಮಾನ ಖಚಿತ ಮಾಡಿಕೊಳ್ಳಲು ಹೋಸ್ ಕ್ಲಿಪ್ ಉಪಾಯ ಮಾಡಿದೆ. ಶಾಫ್ಟಿನ ಹಿಂದಿನ ತುದಿಯ ಸುತ್ತ ನಾಲ್ಕು ಕಡೆ 1, 2, 3, 4 ಎಂದು ಗುರುತು ಹಾಕಿ, ಕ್ಲಿಪ್ಪಿನ ಸ್ಕ್ರೂ ಒಂದೊಂದು ಗುರುತಿಗೆ ಬರುವಂತೆ ಬಿಗಿದು ಪ್ರತಿ ಸಲ ಅದೇ ರಸ್ತೆಯಲ್ಲಿ ಓಡಿಸಬೇಕು. 4ರಲ್ಲಿ ಬಹಳ ಕೆಟ್ಟಿತು, 2ರಲ್ಲಿ ಸುಧಾರಿಸಿತು, 2 ಮತ್ತು 3ರ ನಡುವೆ ಇನ್ನೂ ಒಳ್ಳೆಯದಾಯಿತು. ಒಂದು ಸ್ಕ್ರೂವಿನ ತೂಕ ಸಾಲದಿದ್ದರೆ ಎರಡು ಕ್ಲಿಪ್. ಎರಡೂ ಸ್ಕ್ರೂ ಅಕ್ಕಪಕ್ಕ ಇದ್ದರೆ ಪೂರ್ತಿ ತೂಕ, ನಡುವೆ 120 ಡಿಗ್ರಿ ಬಿಟ್ಟರೆ ಒಂದೇ ಸ್ಕ್ರೂವಿನಷ್ಟು, ಎದುರುಬದುರು ಇಟ್ಟರೆ ಸೊನ್ನೆ. ಸ್ಕ್ರೂ ನೆಲದ ತಗಡಿಗೆ ತಾಗದಷ್ಟು ಜಾಗ ಇದೆಯೇ ಮೊದಲೇ ನೋಡಿ. ಇದು ದೋಷ ಕಂಡುಹಿಡಿಯುವ ಉಪಾಯ. ಹಾಗೇ ಬಿಟ್ಟು ತಿಂಗಳುಗಟ್ಟಲೆ ಓಡಿಸುವುದು ನನಗೆ ಒಪ್ಪಿಗೆಯಿಲ್ಲ.

ಶಾಫ್ಟನ್ನು ಲಾರಿ ಶಾಫ್ಟ್ ಬ್ಯಾಲೆನ್ಸ್ ಮಾಡುವ ಕಡೆ ಕೊಟ್ಟೆ. ಮೊದಲು ನೇರ ಮಾಡಿಸಿ (ಮಧ್ಯದ ಓಡಾಟ 0.3ಕ್ಕೆ ಇಳಿಯಿತು), ಆಮೇಲೆ ಬ್ಯಾಲೆನ್ಸ್, ಉಲ್ಟಾ ಮಾಡಿದರೆ ಎರಡನೇ ಸಲ ಬ್ಯಾಲೆನ್ಸ್ ಮಾಡಿಸಬೇಕಾಗುತ್ತದೆ. ಹೊಸ ಕ್ರಾಸ್, ಎರಡೂ ಯೋಕ್ ಕೂರಿಸಿಕೊಂಡೇ ಒಯ್ಯಬೇಕು. ತೂಕದ ತಗಡು ವೆಲ್ಡ್ ಮಾಡುವಾಗ ಅರ್ಥ್ ಕ್ಲ್ಯಾಂಪನ್ನು ಶಾಫ್ಟಿನ ಕೊಳವೆಗೇ ಹಾಕಲು ಹೇಳಿ. ಯೋಕಿಗೆ ಹಾಕಿದರೆ ಕರೆಂಟು ಸೂಜಿ ಬೇರಿಂಗಿನ ಮೂಲಕ ಹಾದು ಹೊಸ ಕ್ರಾಸಿನಲ್ಲೇ ಗುಳಿ ಸುಡುತ್ತದೆ.

52ರ ಶಿಖರ ಹೋಯಿತು. 104ರದು ಹಾಗೇ ಇತ್ತು, ಆಕ್ಸಿಲರೇಟರ್ ಬಿಟ್ಟಾಗ ಗುಂಯ್ ಎನ್ನುವುದೂ. ಹಿಂದೊಮ್ಮೆ ಚೀಲ ಹೇರಲೆಂದು ಈ ಗಾಡಿಗೆ ಲೀಫ್ ಸ್ಪ್ರಿಂಗಿನಲ್ಲಿ ಒಂದು ಪ್ಲೇಟ್ ಹೆಚ್ಚು ಹಾಕಿಸಲಾಗಿತ್ತು. ನಮ್ಮ ಭಾಗದ ಓಮ್ನಿಗಳಲ್ಲಿ ಇದು ಬಹಳ ಸಾಮಾನ್ಯ, ಹೌಸಿಂಗಿನ (ಪಿನಿಯನ್ ಇರುವ ಹಿಂದಿನ ಆಕ್ಸಲ್ಲಿನ ಕವಚ) ಓರೆ ಬದಲಾಗುವುದನ್ನು ಮಾತ್ರ ಯಾರೂ ನೋಡುವುದಿಲ್ಲ. ಡಿಜಿಟಲ್ ಕೋನ ಮಾಪಕದಿಂದ ಅಳೆದೆ. ಗಾಡಿಯ ಭಾರ ಚಕ್ರದ ಮೇಲೆ ಅಥವಾ ಹೌಸಿಂಗಿನ ಕೆಳಗಿಟ್ಟ ಸ್ಟ್ಯಾಂಡಿನ ಮೇಲೆ ಇರಬೇಕು. ಬಾಡಿ ಎತ್ತಿ ಹೌಸಿಂಗ್ ಜೋತುಬಿದ್ದಾಗ ಅಳೆದರೆ ಆ ಅಂಕಿ ಯಾವುದಕ್ಕೂ ಬರುವುದಿಲ್ಲ. ಹಿಂದಕ್ಕೆ ಇಳಿಜಾರು ಎಂದು ಲೆಕ್ಕ ಹಿಡಿದರೆ ಗೇರ್ ಬಾಕ್ಸ್ 2.5 ಡಿಗ್ರಿ, ಶಾಫ್ಟ್ 4.5, ಪಿನಿಯನ್ 0.5. ಅಂದರೆ ಮುಂದಿನ ಕ್ರಾಸಿನ ಕೋನ 2, ಹಿಂದಿನದು 4. ಮುಂದಿನ ಕ್ರಾಸ್ ಮಾಡಿದ ವೇಗದ ಏರಿಳಿತವನ್ನು ಹಿಂದಿನದು ಅಳಿಸಿಹಾಕಬೇಕು; ಅದಕ್ಕೆ ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿಯೊಳಗೆ ಇರಬೇಕು. ಈ ವೇಗದಲ್ಲಿ ಯಾವ ಕೋನವೂ 3 ಮೀರದಿರುವುದು ಒಳ್ಳೆಯದು. ಪೂರ್ತಿ ಸೊನ್ನೆಯೂ ಬೇಡ, ಅರ್ಧ ಡಿಗ್ರಿಯಾದರೂ ಇಲ್ಲದಿದ್ದರೆ ಸೂಜಿಗಳು ಉರುಳದೆ ಒಂದೇ ಕಡೆ ಗೀರು ಕೊರೆಯುತ್ತವೆ. ಭಾರ ಹೇರಿದರೆ ಶಾಫ್ಟಿನ ಇಳಿಜಾರು ಕಡಿಮೆಯಾಗಿ ಎರಡೂ ಕೋನ ಒಟ್ಟಿಗೆ ಇಳಿಯುತ್ತವೆ, ನಡುವಿನ ವ್ಯತ್ಯಾಸ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಹೌಸಿಂಗ್ ತಿರುಚಿ ಪಿನಿಯನ್ ಮೂಗು ಮೇಲೇಳುತ್ತದೆ. ದನಿ ಆಗ ಕಡಿಮೆಯಾಗುತ್ತಿದ್ದುದು ಇದಕ್ಕೇ, ತಪ್ಪಿದ ಕೋನ ಆ ಕ್ಷಣಕ್ಕೆ ಸರಿಹೋಗುತ್ತಿತ್ತು. ಹಾಗಾಗಿ ಪೂರ್ತಿ 2 ಡಿಗ್ರಿ ತಿದ್ದದೆ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಇಡಲು 1.5 ಡಿಗ್ರಿಯ ಉಕ್ಕಿನ ಬೆಣೆ ಮಾಡಿಸಿದೆ: 100 ಮಿ.ಮೀ. ಉದ್ದಕ್ಕೆ ಒಂದು ತುದಿ ಇನ್ನೊಂದಕ್ಕಿಂತ 2.6 ಮಿ.ಮೀ. ದಪ್ಪ, ನಡುವೆ ಸೆಂಟರ್ ಬೋಲ್ಟಿನ ತಲೆಗೆ ತೂತು. ಅಲ್ಯುಮಿನಿಯಂ ಬೆಣೆ ಬೇಡ, ಭಾರಕ್ಕೆ ಜಜ್ಜಿಹೋಗುತ್ತದೆ. ದಪ್ಪ ತುದಿ ಯಾವ ಕಡೆ ಎಂಬುದು ಸ್ಪ್ರಿಂಗ್ ಹೌಸಿಂಗಿನ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲಿದೆ. ಸ್ಪ್ರಿಂಗನ್ನು ಹೌಸಿಂಗಿಗೆ ಹಿಡಿಯುವ ಯು-ಬೋಲ್ಟ್ ಅರ್ಧ ಬಿಗಿದು ಪಿನಿಯನ್ ಕೋನ ಇನ್ನೊಮ್ಮೆ ಅಳೆದು, ಮೂಗು ಮೇಲೆ ಬಂದಿದೆ ಎಂದು ನೋಡಿಕೊಂಡೇ ಪೂರ್ತಿ ಬಿಗಿಯಿರಿ. ಈಗ ಪಿನಿಯನ್ 2, ಹಿಂದಿನ ಕೋನ 2.5, ಮುಂದಿನದು 2. ದನಿ ನಿಂತಿತು.

ಫ್ಲ್ಯಾಂಜಿನ ಬೋಲ್ಟ್ ಹಳೆಯವನ್ನೇ ಹಾಕಬೇಡಿ, ಸಿಕ್ಕ ಬೋಲ್ಟೂ ಬೇಡ. ತಲೆಯ ಮೇಲೆ 8.8 ಗುರುತಿದ್ದ 8 ಮಿ.ಮೀ. ಬೋಲ್ಟಿಗೆ 25 ನ್ಯೂಟನ್ ಮೀಟರ್ ಬಿಗಿತ ಸಾಕು. 100 ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಬೆಣೆ ಕೂತುಕೊಂಡು ನಾಲ್ಕರಲ್ಲಿ ಎರಡು ಕಾಲು ಸುತ್ತು ಸಡಿಲವಾಗಿದ್ದವು. ನಿಪ್ಪಲ್ ಇರುವ ಕ್ರಾಸಿಗೆ 5,000 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಹೊಲದ ರಸ್ತೆ ತಿರುಗಿದರೆ ಇನ್ನೂ ಬೇಗ, ಲಿಥಿಯಂ ಗ್ರೀಸ್ ಹೊಡೆಯುತ್ತೇನೆ. ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಪಂಪ್ ಮಾಡಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಶಾಫ್ಟನ್ನು ಆ ಕಪ್ಪಿನ ಕಡೆಗೆ ಒತ್ತಿ ಹಿಡಿದು ಮತ್ತೆ ಹೊಡೆಯಿರಿ.