ಹಿಂದಿನ ಸೀಟಿನಲ್ಲಿ ಕೂತು ಕಾರು ಆರಿಸಿ

ಸಂಸಾರಕ್ಕೆ ಅಂತ ಸೆಡಾನ್, ಅಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರುವ ತಗ್ಗಿನ ಕಾರು, ನೋಡಲು ಶೋರೂಮಿಗೆ ಹೋದರೆ ಮೊದಲು ಕೂರಿಸೋದು ಡ್ರೈವರ್ ಸೀಟಿನಲ್ಲಿ. ಎಸಿ ಹಾಕುತ್ತಾರೆ, ದೊಡ್ಡ ಸ್ಕ್ರೀನ್ ತೋರಿಸುತ್ತಾರೆ, ಸನ್‌ರೂಫ್ ತೆರೆದು ಮುಚ್ಚುತ್ತಾರೆ. ಅರ್ಧ ಗಂಟೆಯಲ್ಲಿ ಮನಸ್ಸು ಕರಗಿರುತ್ತದೆ. ಆದರೆ ಮನೆಯ ಕಾರನ್ನು ಓಡಿಸುವವರು ಒಬ್ಬರೇ, ಹಿಂದೆ ಕೂರುವವರು ಮೂವರು. ಮುಂದಿನ ಎಂಟು ಹತ್ತು ವರ್ಷ 'ಬೆನ್ನು ಹಿಡ್ಕೊಂಡಿದೆ', 'ಕಾಲು ಜೋಮು ಬಂತು', 'ಸ್ವಲ್ಪ ನಿಲ್ಸು, ವಾಂತಿ ಬರ್ತಿದೆ' ಅನ್ನುವವರು ಅವರೇ.

ನಾನೂ ಇದೇ ತಪ್ಪು ಮಾಡುವುದರಲ್ಲಿದ್ದೆ. ಬುಕಿಂಗ್ ಹಣ ಕಟ್ಟುವ ಹಿಂದಿನ ದಿನ ಯಾಕೋ ಅಮ್ಮನನ್ನೂ ಶೋರೂಮಿಗೆ ಕರೆದುಕೊಂಡು ಹೋದೆ. ಅಮ್ಮ ಹಿಂದಿನ ಬಾಗಿಲು ತೆಗೆದು, ಒಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ತಲೆ ಬಗ್ಗಿಸಿ ಒಳಗೆ ಕೂರಲು ಹೋದರು. ತಲೆ ಟಪ್ ಅಂತ ಮೇಲಿನ ಅಂಚಿಗೆ ಬಡಿಯಿತು. ಕೂತ ಮೇಲೆ ಒಂದೇ ಮಾತು: "ಚೆನ್ನಾಗಿದೆ ಕಣೋ. ಆದ್ರೆ ಬಾವಿಗೆ ಇಳಿದ ಹಾಗಾಯ್ತು." ಅವತ್ತು ಬುಕ್ ಮಾಡಲಿಲ್ಲ. ಅದು ಯಾವ ಕಾರು ಅಂತ ಹೇಳೋದಿಲ್ಲ. ನಿಮ್ಮ ಅಮ್ಮನ ಎತ್ತರ ಬೇರೆ ಇರಬಹುದು, ಅಲ್ವಾ?

ಮೊದಲು, ಸೆಡಾನೇ ಬೇಕಾ ನೋಡಿ

ಮನೆಯಲ್ಲಿ ಮಂಡಿನೋವು ಇರುವವರಿದ್ದರೆ ಇದೇ ಮೊದಲ ಪರೀಕ್ಷೆ. ನೆಲದಿಂದ ಎತ್ತರ ಇರುವ ಎಸ್‌ಯುವಿ ಕಾರಿನ ಸೀಟಿಗೆ ಸೊಂಟ ಪಕ್ಕಕ್ಕೆ ಸರಿಸಿದರೆ ಸಾಕು. ಸೆಡಾನ್ ಸೀಟಿಗೆ ತಲೆ ಬಗ್ಗಿಸಿ ಕೆಳಗೆ ಇಳಿಯಬೇಕು, ಹೊರಗೆ ಬರುವಾಗ ಮಂಡಿಯ ಮೇಲೆ ಭಾರ ಹಾಕಿ ಮೇಲೇಳಬೇಕು. ಒಂದು ಸಲ ಹತ್ತಿಸಿ ನೋಡಿದರೆ ಗೊತ್ತಾಗೋದಿಲ್ಲ, ಐದು ಸಲ ಹತ್ತಿ ಇಳಿಯಲಿ. ಐದನೇ ಸಲ ಬಾಗಿಲಿನ ಕಂಬ ಹಿಡಿದು 'ಅಯ್ಯಪ್ಪಾ' ಅಂದರೆ ಈ ಲೇಖನ ಇಲ್ಲಿಗೇ ಬಿಟ್ಟು ಬೇರೆ ಕಾರು ನೋಡುವುದು ಒಳ್ಳೆಯದು.

ಹಾಗಾದರೆ ಸೆಡಾನ್ ಯಾಕೆ? ಭಾರ ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ಜಾಸ್ತಿ ವಾಲುವುದಿಲ್ಲ. ಶಿರಾಡಿಯಲ್ಲೋ ಆಗುಂಬೆಯಲ್ಲೋ ಇಳಿಯುವಾಗ ಹಿಂದೆ ಕೂತವರು ಎಡಕ್ಕೂ ಬಲಕ್ಕೂ ತೂಗಾಡೋದು ಕಡಿಮೆ. ಎರಡನೆಯದು ಡಿಕ್ಕಿ. ಅದು ಕೂರುವ ಜಾಗದಿಂದ ಪೂರ್ತಿ ಬೇರೆ. ಹಿಂದಿನ ಚಕ್ರದ ಸದ್ದು ಒಳಗೆ ಅಷ್ಟು ಬರೋದಿಲ್ಲ. ಊರಿಂದ ಬರುವಾಗ ಹಲಸಿನ ಹಣ್ಣನ್ನೋ ಒಣ ಮೀನನ್ನೋ ತಂದವರಿಗೆ ಇದರ ಬೆಲೆ ಇನ್ನೂ ಚೆನ್ನಾಗಿ ಗೊತ್ತು.

ನಾಲ್ಕು ಮೀಟರಿನ ಗೆರೆ

ನಮ್ಮಲ್ಲಿ ಸೆಡಾನ್ ಅಂದರೆ ಎರಡು ಜಾತಿ. ಡಿಸೈರ್, ಅಮೇಜ್, ಆರಾ, ಟಿಗೋರ್ ಇವೆಲ್ಲ ನಾಲ್ಕು ಮೀಟರಿನ ಒಳಗಿನವು. ಹೋಂಡಾ ಸಿಟಿ, ಹ್ಯುಂಡೈ ವರ್ನಾ, ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಸುಮಾರು ನಾಲ್ಕೂವರೆ ಮೀಟರಿನವು. ನಾವು ಮಧ್ಯಮ ಗಾತ್ರ ಅನ್ನುವುದು ಇವನ್ನು. ಗೆರೆ ಹಾಕಿದ್ದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, ಎಂಜಿನ್ ಗಾತ್ರ 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ 18. ಉದ್ದ ದಾಟಿದರೆ ಶೇ 40.

ಈ ತೆರಿಗೆಗೆ ಸಿಗೋದು ಏನು? ಮುಖ್ಯವಾಗಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಜಾಗ. ಡಿಸೈರ್‌ನಲ್ಲಿ ಅದು 2450 ಮಿ.ಮೀ., ಸಿಟಿಯಲ್ಲಿ 2600, ವರ್ಟಸ್ ಮತ್ತು ಸ್ಲಾವಿಯಾದಲ್ಲಿ 2651, 2023ರಲ್ಲಿ ಬಂದ ವರ್ನಾದಲ್ಲಿ 2670. ಇದರಲ್ಲಿ ಬಹುಪಾಲು ಹಿಂದೆ ಕೂತವರ ಕಾಲಿಗೆ ಹೋಗುತ್ತದೆ. ಮನೆಯಲ್ಲಿ ಇಬ್ಬರೇ ಇದ್ದು, ಮಗು ಇನ್ನೂ ಚಿಕ್ಕದಾಗಿದ್ದರೆ ಸುಮ್ನೆ ದುಡ್ಡು ಯಾಕೆ ಜಾಸ್ತಿ ಕೊಡಬೇಕು? ಚಿಕ್ಕ ಸೆಡಾನ್ ಸಾಕು.

ಹಳೇ ಕಾರಾದರೂ ಆದೀತು ಅನ್ನುವವರು ಮಾರುತಿ ಸಿಯಾಜ್ ನೋಡಬಹುದು. ಹೊಸದು 2025ರಲ್ಲಿ ನಿಂತುಹೋಯಿತು. ಆದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರೋದಕ್ಕೆ ಅದನ್ನು ಮೆಚ್ಚುವವರು ಈಗಲೂ ಇದ್ದಾರೆ, ನಾನೂ ಒಬ್ಬ.

ಈಗ ಹಿಂದೆ ಕೂರಿ

ಇದಕ್ಕೆ ಪೂರ್ತಿ ಇಪ್ಪತ್ತು ನಿಮಿಷ ಕೊಡಿ. ಸೇಲ್ಸ್ ಹುಡುಗ ಗಡಿಯಾರ ನೋಡಿದರೆ ನೋಡಲಿ.

ಮನೆಯಲ್ಲಿ ಕಾರು ಓಡಿಸುವವರು ಮೊದಲು ಮುಂದೆ ಕೂತು ಸೀಟನ್ನು ತಮಗೆ ಬೇಕಾದಷ್ಟು ಹಿಂದೆ ಸರಿಸಿಕೊಳ್ಳಲಿ. ಆಮೇಲೆ ಅದರ ಹಿಂದೆ ಮನೆಯಲ್ಲಿ ಎಲ್ಲರಿಗಿಂತ ಎತ್ತರ ಇರುವವರು ಕೂರಲಿ. ಶೋರೂಮಿನಲ್ಲಿ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟಿರುವುದು ಉಂಟು. ಆಗ ಹಿಂದೆ ಮೈದಾನದಷ್ಟು ಜಾಗ ಕಾಣುತ್ತದೆ.

ಮಂಡಿಗೆ ಜಾಗ ಇದ್ದರೆ ಸಾಲದು. ತೊಡೆಯ ಕೆಳಗೆ ಕೈ ಹಾಕಿ ನೋಡಿ. ತೊಡೆಗೂ ಸೀಟಿನ ಮುಂದಿನ ಅಂಚಿಗೂ ನಡುವೆ ಅಂಗೈ ಸಲೀಸಾಗಿ ಹೋದರೆ ಸೀಟು ತೀರಾ ಕೆಳಗಿದೆ ಅಥವಾ ಗಿಡ್ಡವಾಗಿದೆ ಅಂತ ಅರ್ಥ. ಮೈಸೂರಿನವರೆಗೆ ಏನೂ ಅನ್ನಿಸದು. ಬೆಂಗಳೂರಿಂದ ಹುಬ್ಬಳ್ಳಿಗೆ ಹೊರಟರೆ ಚಿತ್ರದುರ್ಗ ದಾಟುವಷ್ಟರಲ್ಲಿ ಸೊಂಟ ಮಾತಾಡೋಕೆ ಶುರುಮಾಡುತ್ತದೆ. ಭಾರವೆಲ್ಲ ತೊಡೆಯ ಮೇಲೆ ಹರಡದೆ ಬೆನ್ನಿನ ಬುಡಕ್ಕೇ ಬೀಳುವುದೇ ಇದಕ್ಕೆ ಕಾರಣ. ನನ್ನ ಪ್ರಕಾರ ಕಾರಿನ ಆರಾಮ ಅನ್ನುವುದರಲ್ಲಿ ಅರ್ಧ ಪಾಲು ಇಲ್ಲೇ ಇದೆ. ಆದರೆ ಬ್ರೋಷರ್‌ನಲ್ಲಿ ಇದಕ್ಕೊಂದು ಸಾಲೂ ಇರೋದಿಲ್ಲ.

ತಲೆಗೂ ಚಾವಣಿಗೂ ನಡುವೆ ಒಂದು ಮುಷ್ಟಿ ಹಿಡಿಯಬೇಕು. ಹಿಂದಕ್ಕೆ ಇಳಿಜಾರಾದ ಚಾವಣಿ ನೋಡಲು ಚಂದ, ಕೂರೋದಕ್ಕೆ ಅಷ್ಟು ಚಂದ ಅಲ್ಲ. ಸನ್‌ರೂಫ್ ಇರುವ ಮಾದರಿಯಲ್ಲಿ ಈ ಜಾಗ ಇನ್ನೂ ಸ್ವಲ್ಪ ಕಡಿಮೆಯಾಗಬಹುದು. ಹಾಗಾಗಿ ನೀವು ಕೊಳ್ಳುವ ಮಾದರಿಯಲ್ಲೇ ಕೂತು ನೋಡಿ.

ಇನ್ನು ಮೂರು ಜನ. ಸಿಟಿಯ ಅಗಲ 1748 ಮಿ.ಮೀ., ವರ್ನಾದ್ದು 1765. ಹೆಚ್ಚು ಕಡಿಮೆ ಎಲ್ಲವೂ ಅಷ್ಟೇ. ಮೂವರು ದೊಡ್ಡವರು ಕೂರಬಹುದು, ಊರು ಮುಟ್ಟುವ ತನಕ ನಗುತ್ತಾ ಇರೋದು ಕಷ್ಟ. ನಡುವೆ ಕೂತವರಿಗೆ ಕಾಲಡಿಯಲ್ಲಿ ಉಬ್ಬು, ಬೆನ್ನಿಗೆ ಗಟ್ಟಿ ಕೈದಿಂಬು. ಇಂಥ ಕಾರು ನಾಲ್ವರು ದೊಡ್ಡವರು, ಒಂದು ಮಗುವಿಗೆ ಸರಿ. ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಮತ್ತು ತಲೆದಿಂಬು ಇದೆಯಾ ಅಂತ ನೋಡಿಕೊಳ್ಳಿ.

ಮಕ್ಕಳನ್ನು ಕೂರಿಸಿದಾಗ 'ಹೊರಗೆ ಏನು ಕಾಣ್ತಿದೆ?' ಅಂತ ಕೇಳಿ. ಕಿಟಕಿಯ ಅಂಚು ತೀರಾ ಎತ್ತರ ಇದ್ದರೆ ಆಕಾಶ ಬಿಟ್ಟು ಬೇರೇನೂ ಕಾಣೋದಿಲ್ಲ. ಹೊರಗೆ ನೋಡಲಾಗದ ಮಗುವಿಗೆ ಘಾಟಿಯಲ್ಲಿ ಬೇಗ ವಾಂತಿ ಬರುತ್ತದೆ. ಹಿಂದೆ ಎಸಿ ಗಾಳಿ ಬರುವ ಕಿಂಡಿ ಇರಲೇಬೇಕು. ಸೀಟಿನ ಬಣ್ಣದ ಬಗ್ಗೆಯೂ ಒಂದು ಮಾತು. ಕಲಬುರಗಿ, ರಾಯಚೂರು ಕಡೆಯವರು ಕಪ್ಪು ಲೆದರೆಟ್ (ಕೃತಕ ಚರ್ಮ) ಸೀಟಿಗೆ ಮರುಳಾಗಬೇಡಿ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿ ಬಂದು ಕೂತರೆ ಹೆಂಚಿನ ಮೇಲಿನ ದೋಸೆಯ ಕಷ್ಟ ಅರ್ಥವಾಗುತ್ತದೆ. ಬಟ್ಟೆಯ ಸೀಟೇ ವಾಸಿ.

ಟೆಸ್ಟ್ ಡ್ರೈವ್ ನಿಮ್ಮ ರಸ್ತೆಯಲ್ಲಿ

ಶೋರೂಮಿನವರ ರಸ್ತೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಕಾರನ್ನು ಮನೆಗೆ ತರಿಸಿ. ಐದೂ ಜನ ಕೂತು, ನಿಮ್ಮ ಬೀದಿಯ ಹಂಪ್‌ಗಳ ಮೇಲೆ, ಅಪಾರ್ಟ್‌ಮೆಂಟ್ ಆದರೆ ಬೇಸ್‌ಮೆಂಟ್ ಇಳಿಜಾರಿನಲ್ಲಿ ಓಡಿಸಿ. ನೆಲದಿಂದ ಕಾರಿನ ಹೊಟ್ಟೆಯ ಎತ್ತರ ಸಿಟಿಯಲ್ಲಿ 165 ಮಿ.ಮೀ., ವರ್ಟಸ್, ಸ್ಲಾವಿಯಾದಲ್ಲಿ 179 ಅಂತ ಹೇಳುತ್ತಾರೆ. ಅದು ಖಾಲಿ ಕಾರಿನ ಲೆಕ್ಕ. ಜನ, ಸಾಮಾನು ತುಂಬಿದರೆ ಇಳಿಯುತ್ತದೆ. ನಮ್ಮೂರಿನ ಹಂಪ್‌ಗಳನ್ನು ಯಾವ ಅಳತೆ ನೋಡಿ ಹಾಕುತ್ತಾರೋ ದೇವರೇ ಬಲ್ಲ. ಹೊಟ್ಟೆ ಉಜ್ಜುತ್ತಾ ಇಲ್ಲವಾ ಅನ್ನುವುದು ಓಡಿಸಿಯೇ ಗೊತ್ತಾಗಬೇಕು.

ಹೊರಡುವ ಮೊದಲು ಟೈರಿನ ಗಾಳಿ ನೋಡಿ. ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಕಂಬದ ಮೇಲೆ ಅಂಟಿಸಿರುತ್ತಾರೆ. ಗಾಳಿ ಜಾಸ್ತಿ ಇದ್ದರೆ ಒಳ್ಳೆಯ ಕಾರೂ ಎತ್ತಿನ ಗಾಡಿಯಂತೆ ಕುಣಿಯುತ್ತದೆ. ಆಮೇಲೆ ಕಾರನ್ನು ಬೈದು ಏನು ಪ್ರಯೋಜನ?

ಟೈರಿನ ವಿಷಯ ಬಂದಾಗ ಒಂದು ಚಿಕ್ಕ ಲೆಕ್ಕ. ಟೈರಿನ ಮೇಲೆ 205/55 ಆರ್16 ಅಂತ ಇದ್ದರೆ 205 ಮಿ.ಮೀ. ಅಗಲ, ಆ ಅಗಲದ ಶೇ 55ರಷ್ಟು ರಬ್ಬರ್ ಗೋಡೆ, ಅಂದರೆ ಸುಮಾರು 113 ಮಿ.ಮೀ. 185/65 ಆರ್15 ಆದರೆ ಗೋಡೆ 120 ಮಿ.ಮೀ. ಗುಂಡಿಯ ಏಟನ್ನು ಮೊದಲು ತಿನ್ನೋದು ಈ ಗೋಡೆ. ವರ್ನಾದ ಕೆಳಗಿನ ಮಾದರಿಗಳಿಗೆ 15 ಇಂಚಿನ ಚಕ್ರ, ಮೇಲಿನವಕ್ಕೆ 16. ದುಬಾರಿ ಮಾದರಿ ಅಂದ ಮಾತ್ರಕ್ಕೆ ಜಾಸ್ತಿ ಮೆತ್ತಗೆ ಹೋಗುತ್ತೆ ಅಂತ ಅಂದುಕೊಳ್ಳಬೇಡಿ.

ಒಂದು ಸುತ್ತು ನೀವೇ ಹಿಂದೆ ಕೂರಿ. ನಿಧಾನವಾಗಿ ಹೋಗುವಾಗ ಸಣ್ಣ ಗುಂಡಿಗಳು ಹೇಗೆ ಬಡಿಯುತ್ತವೆ, ವೇಗದಲ್ಲಿ ಸೇತುವೆಯ ಜೋಡಣೆ ದಾಟಿದಾಗ ಕಾರು ಒಂದೇ ಸಲ ಕೂತು ಸುಮ್ಮನಾಗುತ್ತಾ ಅಥವಾ ಎರಡು ಮೂರು ಸಲ ತೇಲುತ್ತಾ, ಎರಡನ್ನೂ ನೋಡಿ. ಎರಡೂ ಚೆನ್ನಾಗಿರುವ ಕಾರು ಕಡಿಮೆ. ನಿಮ್ಮ ಓಡಾಟ ಊರೊಳಗೇ ಜಾಸ್ತಿಯಾ, ಹೆದ್ದಾರಿಯಲ್ಲಾ ಅನ್ನುವುದರ ಮೇಲೆ ತೀರ್ಮಾನ ಮಾಡಿ.

ಎಂಜಿನ್, ಗೇರು

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳೋದು ಬೇಡ. ಈ ಗುಂಪಿನ ಹೊಸ ಕಾರುಗಳಲ್ಲಿ ಡೀಸೆಲ್ ಇಲ್ಲ. ಟರ್ಬೋ (ಎಂಜಿನ್‌ಗೆ ಹೆಚ್ಚು ಗಾಳಿ ನೂಕಿ ಶಕ್ತಿ ಹೆಚ್ಚಿಸುವ ಭಾಗ) ಇಲ್ಲದ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್ ಸಂಸಾರದ ಓಡಾಟಕ್ಕೆ ಧಾರಾಳ. ವರ್ನಾ ಟರ್ಬೋದ 160 ಪಿಎಸ್ (ಅಶ್ವಶಕ್ತಿಯ ಅಳತೆ), ವರ್ಟಸ್ ಒಂದೂವರೆ ಲೀಟರ್ ಟರ್ಬೋದ 150 ಪಿಎಸ್ ಓಡಿಸುವವರಿಗೆ ಖುಷಿ, ಹಿಂದೆ ಕೂತ ಅಜ್ಜಿಗೆ ಎದೆ ಢವಢವ. ಸಿಟಿಯ ಆಟೊಮ್ಯಾಟಿಕ್‌ನಲ್ಲಿರುವುದು ಸಿವಿಟಿ, ಅಂದರೆ ಮೆಟ್ಟಿಲುಗಳಿಲ್ಲದ ಗೇರು. ಗೇರು ಬದಲಾಗುವ ಜಗ್ಗಾಟವೇ ಇಲ್ಲದೆ ಹೋಗುತ್ತದೆ. ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವವರಿಗೆ ಅದು ಹಿತ. ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ಒತ್ತಬೇಡಿ ಅಷ್ಟೇ.

ಡಿಕ್ಕಿ

ವರ್ನಾ 528 ಲೀಟರ್, ವರ್ಟಸ್ ಮತ್ತು ಸ್ಲಾವಿಯಾ 521, ಸಿಟಿ 506. ಈ ವ್ಯತ್ಯಾಸ ಒಂದು ಚೀಲ ಸೊಪ್ಪಿನಷ್ಟು. ನೋಡಬೇಕಾದದ್ದು ಡಿಕ್ಕಿಯ ಬಾಯಿ ಎಷ್ಟು ಅಗಲ, ಅದರ ಅಂಚು ಎಷ್ಟು ಎತ್ತರ ಅಂತ. 25 ಕೆಜಿ ಅಕ್ಕಿ ಮೂಟೆಯನ್ನು ಎತ್ತಿ ಆ ಅಂಚು ದಾಟಿಸುವವರು ನೀವೇ. ಮನೆಯ ದೊಡ್ಡ ಸೂಟ್‌ಕೇಸನ್ನು ಶೋರೂಮಿಗೇ ಒಯ್ದು ಇಟ್ಟು, ಡಿಕ್ಕಿ ಮುಚ್ಚಿ ನೋಡಿ. ಮುಚ್ಚಳದ ಕಬ್ಬಿಣದ ತೋಳು ಸೂಟ್‌ಕೇಸಿಗೆ ತಾಗುತ್ತಾ ಅಂತ ಆಗ ತಿಳಿಯುತ್ತದೆ. ಪೆಟ್ರೋಲ್ ಜೊತೆ ವಿದ್ಯುತ್ ಮೋಟಾರೂ ಇರುವ ಸಿಟಿ ಹೈಬ್ರಿಡ್‌ನಲ್ಲಿ ಬ್ಯಾಟರಿ ಹಿಂದಿರುವುದರಿಂದ ಡಿಕ್ಕಿ ಚಿಕ್ಕದು. ಪೆಟ್ರೋಲ್ ಉಳಿಯುತ್ತದೆ, ತೆಂಗಿನಕಾಯಿ ಮೂಟೆ ಊರಲ್ಲೇ ಉಳಿಯಬಹುದು.

ಸ್ಟಾರ್ ಎಣಿಸಿ, ವರದಿಯನ್ನೂ ಓದಿ

ವರ್ಟಸ್, ಸ್ಲಾವಿಯಾ, ವರ್ನಾ ಮೂರಕ್ಕೂ, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2023ರಲ್ಲಿ 5 ಸ್ಟಾರ್ ಕೊಟ್ಟಿದೆ. ಆದರೆ ಅದೇ ಪರೀಕ್ಷೆಯಲ್ಲಿ ವರ್ನಾದ ಬಾಡಿ ಅಸ್ಥಿರ (ಇನ್ನೂ ಜೋರು ಏಟು ತಾಳಲಾರದು) ಅಂತಲೂ, ಮೊದಲ ಎರಡರದು ಸ್ಥಿರ ಅಂತಲೂ ಬರೆದಿದ್ದಾರೆ. ಸ್ಟಾರ್ ಮಾತ್ರ ನೋಡಿದವರಿಗೆ ಇದು ಕಾಣೋದಿಲ್ಲ. ಮಗು ಇದ್ದರೆ ಮಕ್ಕಳ ಸೀಟು ಸಿಕ್ಕಿಸುವ ಐಸೊಫಿಕ್ಸ್ ಕೊಕ್ಕೆ ಕೈಗೆ ಸುಲಭವಾಗಿ ಸಿಗುತ್ತಾ ನೋಡಿ. ಹಿಂದೆ ಕೂತವರೂ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ. ಬೆಲ್ಟಿನ ಬಕಲ್ ಸೀಟಿನ ಸಂದಿಯಲ್ಲಿ ಹೂತುಹೋಗುವ ಕಾರಿನಲ್ಲಿ ಯಾರೂ ಬೆಲ್ಟ್ ಹಾಕೋದಿಲ್ಲ. ಅದನ್ನೂ ಕೂತಾಗಲೇ ನೋಡಿಬಿಡಿ.

ದುಡ್ಡಿನ ಲೆಕ್ಕ

ಜಾಹೀರಾತಿನ ಬೆಲೆ ಎಕ್ಸ್ ಶೋರೂಮ್, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ್ದು. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ 17, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. 14 ಲಕ್ಷದ ಕಾರಿಗೆ ಇದೇ ಸುಮಾರು 2.64 ಲಕ್ಷ ಆಯಿತು. 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ನಿಮ್ಮಿಂದ ಪಡೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯುತ್ತಾರೆ. ಇದು ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಜಮಾ ಆಗುತ್ತದೆ, ಮರೆಯಬೇಡಿ.

ವಿಮೆಯನ್ನು ಡೀಲರ್ ಹತ್ತಿರವೇ ಮಾಡಿಸಬೇಕು ಅಂತ ಕಾನೂನೇನಿಲ್ಲ. ಹೊರಗೆ ಎರಡು ಕಡೆ ವಿಚಾರಿಸಿ, ಆ ದರವನ್ನು ಮುಂದಿಟ್ಟು ಮಾತಾಡಿ. ನನಗೆ ಕೊಟ್ಟ ಒಂದು ಕೊಟೇಶನ್‌ನಲ್ಲಿ 'ಆಕ್ಸೆಸರೀಸ್ ಪ್ಯಾಕೇಜ್' ಅಂತ ಒಂದು ಸಾಲು ತಾನೇ ಬಂದು ಕೂತಿತ್ತು. ಮ್ಯಾಟ್, ಮಡ್ ಫ್ಲಾಪ್, ಒಂದು ಸುಗಂಧದ ಡಬ್ಬಿ, ಎಲ್ಲ ಸೇರಿ 28 ಸಾವಿರ. ಬೇಡ ಅಂದೆ. ತೆಗೆದರು. ಅಷ್ಟು ಸುಲಭವಾಗಿ ತೆಗೆದದ್ದು ನೋಡಿ ಉಳಿದ ಸಾಲುಗಳನ್ನೂ ಇನ್ನೊಂದು ಸಲ ಓದಿದೆ.

ಮನೆಗೆ ತರುವ ಮುಂಚೆ

ನೋಂದಣಿಗೆ ಮೊದಲೇ, ಹಗಲಿನ ಬೆಳಕಿನಲ್ಲಿ ಕಾರು ನೋಡಿ. ಬೆಳಕು ಮೈಮೇಲೆ ಹರಿಯುವಂತೆ ಓರೆಯಾಗಿ ನಿಂತರೆ ಮತ್ತೆ ಬಣ್ಣ ಬಳಿದ ಜಾಗ, ಸಣ್ಣ ತಗ್ಗು ಕಾಣುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಸೇರಿ ಐದರಲ್ಲೂ ಓದಿ. ಒಂದು ಟೈರ್ ಮಾತ್ರ ತೀರಾ ಹಳೆಯದಾಗಿದ್ದರೆ ಯಾಕೆ ಅಂತ ಕೇಳಿ. ಕಾರು ತಯಾರಾದ ತಿಂಗಳು, ವರ್ಷ ಕೇಳಿ ತಿಳಿದುಕೊಳ್ಳಿ, ಷಾಸಿ ನಂಬರ್ ಕಾಗದದ ಜೊತೆ ಹೊಂದುತ್ತಾ ನೋಡಿ. ಜ್ಯಾಕ್, ಸ್ಪ್ಯಾನರ್, ಎರಡನೇ ಕೀ ಕೈಗೆ ಬಂದಿವೆಯಾ? ಹಿಂದಿನ ಎರಡೂ ಕಿಟಕಿ, ಎಸಿ ಕಿಂಡಿ, ಬೆಲ್ಟ್ ಕೆಲಸ ಮಾಡುತ್ತಿವೆಯಾ?

ಚಕ್ರದ ಕೆಳಗೆ ನಿಂಬೆಹಣ್ಣು ಇಡೋದು ಇಷ್ಟೆಲ್ಲ ಆದಮೇಲೆ.