ಒಂದೇ ಕಂಪ್ಯೂಟರಿನಲ್ಲಿ ಎರಡು ಮೈನ್‌ಕ್ರಾಫ್ಟ್: ನನ್ನ ಅನುಭವ

ಬ್ಲಾಕ್‌ಗಳನ್ನು ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಗೇಮನ್ನು ಅಕ್ಕಪಕ್ಕ ಕೂತು ಆಡುವ ಖುಷಿಯೇ ಬೇರೆ. ನಮ್ಮ ಮನೆಯಲ್ಲಿ ಮಗಳಿಗೂ ಮಗನಿಗೂ ಸೇರಿ ಇರುವುದು ಒಂದೇ ಕಂಪ್ಯೂಟರ್. ಸರದಿ ಹಾಕಿದರೆ ಒಬ್ಬರು ಆಡುತ್ತಾರೆ, ಇನ್ನೊಬ್ಬರು ಸುಮ್ನೆ ನೋಡುತ್ತಾ ಕೂರಬೇಕು. ಇಬ್ಬರೂ ಒಂದೇ ಲೋಕದೊಳಗೆ ಸೇರಿ ಮನೆ ಕಟ್ಟಲಿ ಅನ್ನುವುದು ನನ್ನ ಆಸೆ. ಎಕ್ಸ್‌ಬಾಕ್ಸ್, ಪ್ಲೇಸ್ಟೇಷನ್‌ಗಳಲ್ಲಿ ಟಿವಿ ಪರದೆಯನ್ನೇ ಪಾಲು ಮಾಡಿಕೊಂಡು ಆಡಬಹುದು. ನಾವು ಕಂಪ್ಯೂಟರಿನಲ್ಲಿ ಆಡುವ ಜಾವಾ ಎಡಿಶನ್ ಅನ್ನುವ ರೂಪದಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಗೇಮನ್ನೇ ಎರಡು ಸಲ ತೆರೆಯಬೇಕು. ತೆರೆಯುವುದು ಸುಲಭ. ಆದರೆ ಕೀಬೋರ್ಡು, ಮೌಸು ಒಂದು ಹೊತ್ತಿಗೆ ಒಂದೇ ವಿಂಡೋಗೆ ಕೆಲಸ ಮಾಡುತ್ತವಲ್ಲ, ಕಷ್ಟ ಇರುವುದು ಅಲ್ಲಿ.

ಮೊದಲು ಖಾತೆಯ ವಿಷಯ. ಇಬ್ಬರಿಗೂ ಬೇರೆ ಬೇರೆ ಮೈಕ್ರೋಸಾಫ್ಟ್ ಖಾತೆ ಬೇಕು, ಎರಡರಲ್ಲೂ ಗೇಮ್ ಕೊಂಡಿರಬೇಕು. ಒಂದೇ ಖಾತೆಯಿಂದ ಇಬ್ಬರು ಆಟಗಾರರಾಗಿ ಒಂದೇ ಲೋಕಕ್ಕೆ ಹೋಗಲು ಬಿಡುವುದಿಲ್ಲ. 2022ರ ಜೂನ್‌ನಿಂದ ಕಂಪ್ಯೂಟರಿಗೆ ಜಾವಾ ಎಡಿಶನ್ ಮತ್ತು ಗೇಮಿನ ಇನ್ನೊಂದು ರೂಪವಾದ ಬೆಡ್‌ರಾಕ್ ಎಡಿಶನ್‌ಗಳನ್ನು ಜೋಡಿಯಾಗಿಯೇ ಮಾರುತ್ತಾರೆ. ಅದನ್ನು ಎರಡು ಪ್ರತಿ ಅಂದುಕೊಳ್ಳಬೇಡಿ, ಅದು ಒಬ್ಬರದೇ. ಖರ್ಚು ಇದೆ, ನಿಜ. ಆದರೂ ಮಕ್ಕಳಿಗೆ ಕದ್ದ ಗೇಮ್ ಹಾಕಿಕೊಡುವುದು ನನಗೆ ಒಪ್ಪಿಗೆ ಇಲ್ಲ.

ನಾನು ಬಳಸಿದ್ದು ಪ್ರಿಸಂ ಲಾಂಚರ್, ಅಂದರೆ ಮೈನ್‌ಕ್ರಾಫ್ಟನ್ನು ತೆರೆಯುವ ಒಂದು ತಂತ್ರಾಂಶ. ಉಚಿತವಾದದ್ದು. ಇದರಲ್ಲಿ ಎರಡು ಇನ್‌ಸ್ಟನ್ಸ್ (ಗೇಮಿನ ಬೇರೆ ಬೇರೆ ಸ್ಥಾಪನೆ) ಮಾಡಿ, ಒಂದಕ್ಕೆ ಮಗಳ ಹೆಸರು, ಇನ್ನೊಂದಕ್ಕೆ ಮಗನ ಹೆಸರು ಇಟ್ಟೆ. ಎರಡಕ್ಕೂ ಅದರದೇ ಫೋಲ್ಡರ್ ಇರುತ್ತದೆ. ಆದ್ದರಿಂದ ಒಬ್ಬರ ಸೆಟ್ಟಿಂಗ್ ಇನ್ನೊಬ್ಬರದನ್ನು ಕೆಡಿಸುವುದಿಲ್ಲ. ಎರಡೂ ಖಾತೆಗಳನ್ನು ಸೇರಿಸಿ, ಯಾವ ಇನ್‌ಸ್ಟನ್ಸ್ ಯಾವ ಖಾತೆಯಲ್ಲಿ ತೆರೆಯಬೇಕು ಅಂತ ಒಮ್ಮೆ ಹೇಳಿಟ್ಟರೆ ಆಯಿತು. ಗೇಮಿನ ಆವೃತ್ತಿ ಮಾತ್ರ ಎರಡರಲ್ಲೂ ಒಂದೇ ಇರಬೇಕು.

ಈಗ ಕೈಗಳ ಪ್ರಶ್ನೆ. ಎರಡು ಕೀಬೋರ್ಡ್ ಚುಚ್ಚಿದರೂ ವಿಂಡೋಸ್ ಅವನ್ನು ಒಂದೇ ಅಂತ ನೋಡುತ್ತದೆ. ಅದಕ್ಕೆ ಮಗಳಿಗೆ ಕೀಬೋರ್ಡ್ ಮತ್ತು ಮೌಸ್, ಮಗನಿಗೆ ಗೇಮ್ ಕಂಟ್ರೋಲರ್ ಕೊಟ್ಟೆ. ಜಾವಾ ಎಡಿಶನ್‌ಗೆ ಕಂಟ್ರೋಲರ್ ಸುಲಭಕ್ಕೆ ಒಗ್ಗುವುದಿಲ್ಲ. ಮಗನ ಇನ್‌ಸ್ಟನ್ಸಿನಲ್ಲಿ ಮಾತ್ರ ಮಾಡ್‌ಗಳನ್ನು (ಗೇಮಿಗೆ ಹೊರಗಿನಿಂದ ಸೇರಿಸುವ ತುಣುಕುಗಳನ್ನು) ನಡೆಸುವ ಫ್ಯಾಬ್ರಿಕ್ ಹಾಕಿ, ಕಂಟ್ರೋಲಿಫೈ ಅನ್ನುವ ಮಾಡ್ ಸೇರಿಸಿದೆ. ಅದರ ಸೆಟ್ಟಿಂಗ್‌ಗಳಲ್ಲಿ, ವಿಂಡೋ ಹಿಂದೆ ಸರಿದಿದ್ದರೂ ಕಂಟ್ರೋಲರ್ ಕೆಲಸ ಮಾಡಲಿ ಅನ್ನುವ ಆಯ್ಕೆ ಇದೆ. ಇಡೀ ವ್ಯವಸ್ಥೆ ನಿಂತಿರುವುದೇ ಅದರ ಮೇಲೆ. ಜೊತೆಗೆ ಮಗನ ಗೇಮಿನೊಳಗೆ ಎಫ್3 ಹಿಡಿದು ಪಿ ಒತ್ತಬೇಕು. ಒತ್ತದಿದ್ದರೆ ಅಕ್ಕ ತನ್ನ ವಿಂಡೋ ಕ್ಲಿಕ್ ಮಾಡಿದ ತಕ್ಷಣ ತಮ್ಮನ ಕಡೆ ಆಟ ತಡೆಯುವ ಪಾಝ್ ಮೆನು ಬಂದು ನಿಲ್ಲುತ್ತದೆ. ಒಮ್ಮೆ ಒತ್ತಿದರೆ ಸಾಕು, ಅದು ನೆನಪಿಟ್ಟುಕೊಳ್ಳುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಜೊತೆಗೆ ಹಿಡಿಯಬೇಕಾಗುತ್ತದೆ.

ಫುಲ್‌ಸ್ಕ್ರೀನ್ ಇದ್ದರೆ ಎಫ್11 ಒತ್ತಿ ತೆಗೆಯಿರಿ. ಆಮೇಲೆ ವಿಂಡೋಸ್ ಕೀ ಜೊತೆ ಎಡ ಬಾಣ, ಬಲ ಬಾಣ ಒತ್ತಿದರೆ ಎರಡೂ ವಿಂಡೋ ಅರ್ಧರ್ಧ ಕೂರುತ್ತವೆ. ಮೊದಲು ಮಗಳು ಲೋಕ ತೆರೆದು, ಅದನ್ನು ಲ್ಯಾನ್‌ಗೆ (ಮನೆಯೊಳಗಿನ ನೆಟ್‌ವರ್ಕ್‌ಗೆ) ಬಿಡುತ್ತಾಳೆ. ಮಗನ ಮಲ್ಟಿಪ್ಲೇಯರ್ ಪಟ್ಟಿಯಲ್ಲಿ ಅದು ತಾನಾಗಿ ಕಾಣಬೇಕು. ಕಾಣದಿದ್ದರೆ ನೇರ ಸಂಪರ್ಕದಲ್ಲಿ ‘ಲೋಕಲ್‌ಹೋಸ್ಟ್’ ಅಂತ ಬರೆದು, ಕೋಲನ್ (:) ಇಟ್ಟು, ಮಗಳ ಚಾಟ್‌ನಲ್ಲಿ ಬಂದ ಪೋರ್ಟ್ ಸಂಖ್ಯೆ ಹಾಕಿ. ಲೋಕಲ್‌ಹೋಸ್ಟ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು.

ಯಂತ್ರಕ್ಕೆ ಭಾರ ಆಗುವುದಿಲ್ಲವೇ? ಆಗುತ್ತದೆ. ಎರಡು ವಿಂಡೋ ಇರುವುದಕ್ಕಿಂತ ಎಷ್ಟು ದೂರ ತೋರಿಸುತ್ತೀರಿ ಅನ್ನುವುದು ದೊಡ್ಡ ಲೆಕ್ಕ. ಮೈನ್‌ಕ್ರಾಫ್ಟ್ ನೆಲವನ್ನು 16 ಕ್ಕೆ 16 ಬ್ಲಾಕ್‌ಗಳ ಚಂಕ್‌ಗಳಾಗಿ ಕತ್ತರಿಸಿಕೊಳ್ಳುತ್ತದೆ. ನೋಟದ ದೂರ 12 ಚಂಕ್ ಇದ್ದರೆ ಸುತ್ತ 25 ಕ್ಕೆ 25, ಅಂದರೆ 625 ಚಂಕ್. 8 ಕ್ಕೆ ಇಳಿಸಿದರೆ 17 ಕ್ಕೆ 17, ಬರೀ 289. ಅರ್ಧಕ್ಕಿಂತ ಜಾಸ್ತಿ ಭಾರ ಇಳಿಯಿತು, ಅಲ್ವಾ? ನಾನು ಎರಡರಲ್ಲೂ 8 ಇಟ್ಟಿದ್ದೇನೆ. ಸೆಕೆಂಡಿಗೆ ಮೂಡುವ ಚಿತ್ರಗಳ, ಅಂದರೆ ಫ್ರೇಮ್‌ಗಳ, ಮಿತಿಯನ್ನು 60 ಕ್ಕೆ ಕಟ್ಟಿದ್ದೇನೆ. ಮಿತಿ ಇಲ್ಲದೆ ಬಿಟ್ಟರೆ ಒಂದು ವಿಂಡೋ ಸಿಕ್ಕಷ್ಟು ಶಕ್ತಿಯನ್ನೆಲ್ಲ ಬಾಚಿಕೊಂಡು ಇನ್ನೊಂದು ತಡವರಿಸುತ್ತದೆ. ನಮ್ಮದರಲ್ಲಿ 16 ಜಿಬಿ ಮೆಮೊರಿ ಇದೆ. ಮಗಳ ಕಡೆಗೆ 3 ಜಿಬಿ, ಮಗನ ಕಡೆಗೆ 2 ಜಿಬಿ ಕೊಟ್ಟೆ. ಲೋಕವನ್ನು ನಡೆಸುವುದು ಮಗಳ ವಿಂಡೋ, ಅದಕ್ಕೇ ಆ ಕಡೆ ಜಾಸ್ತಿ. ಇಬ್ಬರೂ ಒಂದೇ ಜಾಗದಲ್ಲಿ ಆಡುವಾಗ ಎಲ್ಲವೂ ಹಗುರ. ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಹೊಸ ನೆಲ ಹುಡುಕಿಕೊಂಡು ಓಡಿದರೆ ಆಗ ಯಂತ್ರದ ಫ್ಯಾನ್ ಸದ್ದು ಏರುತ್ತದೆ.

ಸದ್ದು ಅಂದಾಗ ನೆನಪಾಯಿತು. ಎರಡೂ ಗೇಮ್ ಒಂದೇ ಸ್ಪೀಕರಿನಲ್ಲಿ ಕೂಗಿದರೆ ಕ್ರೀಪರ್ (ಹತ್ತಿರ ಬಂದು ಸಿಡಿಯುವ ಗೇಮಿನ ಜೀವಿ) ಯಾರ ಬೆನ್ನ ಹಿಂದೆ ಬಂತು ಅಂತ ಗೊತ್ತಾಗುವುದಿಲ್ಲ. 1.18 ಆವೃತ್ತಿಯಿಂದ ಗೇಮಿನ ಸೌಂಡ್ ಸೆಟ್ಟಿಂಗ್‌ನಲ್ಲೇ ಸಾಧನ ಆರಿಸಬಹುದು. ಮಗಳಿಗೆ ಸ್ಪೀಕರ್, ಮಗನಿಗೆ ಹೆಡ್‌ಫೋನ್ ಇಟ್ಟೆ. “ಅಕ್ಕಾ, ನಿನ್ನ ಹಿಂದೆ!” ಅಂತ ಅವನು ಕಿರುಚುವುದಂತೂ ಇದ್ದೇ ಇದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಲೋಕವನ್ನು ಯಾವಾಗಲೂ ಒಂದೇ ಖಾತೆಯಿಂದ ತೆರೆಯಿರಿ. ನಾವು ಆಡುವ ಆವೃತ್ತಿಯಲ್ಲಿ, ತೆರೆದವರ ಚೀಲದ ಸಾಮಾನು ಲೋಕದ ಮುಖ್ಯ ಫೈಲಿನಲ್ಲೇ ಉಳಿಯುತ್ತದೆ, ಸೇರಿಕೊಂಡವರದು ಅವರವರ ಖಾತೆಯ ಗುರುತು ಇರುವ ಬೇರೆ ಫೈಲಿನಲ್ಲಿ. ಹಾಗಾಗಿ ಲೋಕದ ಫೋಲ್ಡರನ್ನು ತಮ್ಮನ ಕಡೆಗೆ ನಕಲು ಮಾಡಿ ಅವನ ಖಾತೆಯಿಂದ ತೆರೆದರೆ ಅಕ್ಕನ ವಜ್ರಗಳು ಅವನ ಕೈಗೆ ಬರುತ್ತವೆ. ನಮ್ಮಲ್ಲಿ ಲೋಕ ತೆರೆಯುವ ಹಕ್ಕು ಅಕ್ಕನದು. ಮುಚ್ಚುವಾಗ ತಮ್ಮ ಮೊದಲು ಹೊರಗೆ ಬರುತ್ತಾನೆ, ಆಮೇಲೆ ಅವಳು ಸೇವ್ ಮಾಡಿ ಮುಚ್ಚುತ್ತಾಳೆ. ವಾರಕ್ಕೊಮ್ಮೆ ಆ ಲೋಕದ ಫೋಲ್ಡರನ್ನು ನಾನು ಪೆನ್‌ಡ್ರೈವ್‌ಗೆ ಹಾಕಿಡುತ್ತೇನೆ.