ಸ್ಟ್ರೋಕ್ ಆದವರ ಮನಸ್ಸು ಕುಗ್ಗಿದೆಯೇ? ಗಮನಿಸುವುದು ಹೀಗೆ

ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಮನೆಯವರು ಕೈಕಾಲು ಆಡುತ್ತಿದೆಯಾ ಎಂದು ದಿನವೂ ನೋಡುತ್ತಾರೆ. ಮನಸ್ಸಿನ ವಿಷಯಕ್ಕೆ ಬಂದರೆ "ಆರಾಮಾಗಿದ್ದೀರಿ ಅಲ್ವಾ?" ಅಷ್ಟೇ. ನಮ್ಮ ಮಾವನ ವಿಷಯದಲ್ಲಿ ನಾವೂ ಹಾಗೇ ಮಾಡಿದ್ದೆವು.

1. ಸ್ಕ್ಯಾನ್ ವರದಿಯಲ್ಲಿ ಪೆಟ್ಟು ಮೆದುಳಿನ ಎಡಕ್ಕೋ ಬಲಕ್ಕೋ ನೋಡಿಕೊಳ್ಳಿ. ಎಡ ಮೆದುಳಿನ ಮುಂಭಾಗಕ್ಕೆ ಪೆಟ್ಟಾದರೆ ಖಿನ್ನತೆ ಜಾಸ್ತಿ ಎಂದು 1980ರ ದಶಕದಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ರಾಬಿನ್ಸನ್ ವಾದಿಸಿದ್ದರು. 2000ದಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅದಕ್ಕೆ ಆಧಾರ ಸಿಗಲಿಲ್ಲ. ಹಾಗಾಗಿ "ಬಲಕ್ಕೆ ತಾನೇ ಆಗಿರೋದು" ಎಂದು ನಿಶ್ಚಿಂತರಾಗಬೇಡಿ. ಖಿನ್ನತೆಯ ಗುರುತು ಎಲ್ಲಿ ಮರೆಯಾಗಿರಬಹುದು ಎಂದು ತಿಳಿಯಲು ಮಾತ್ರ ಈ ಮಾಹಿತಿ ಬೇಕು.

2. ಎಲ್ಲರೂ ಎಡವುವುದು ಇಲ್ಲೇ. ಎಡಕ್ಕೆ ಪೆಟ್ಟಾದವರಿಗೆ ಮಾತೇ ಹೋಗಿರಬಹುದು. "ಹೌದು" ಎಂದಿದ್ದರ ಅರ್ಥ "ಇಲ್ಲ" ಎಂದೂ ಇರಬಹುದು. ಬಾಯಿಮಾತು ನಂಬಬೇಡಿ, ನಿದ್ದೆ, ಊಟ, ವ್ಯಾಯಾಮ ನೋಡಿ. ಯಾರಾದರೂ ಬಂದರೆ ಗೋಡೆ ಕಡೆ ತಿರುಗುತ್ತಾರಾ?

ಬಲಕ್ಕೆ ಪೆಟ್ಟಾದವರದು ಬೇರೆ ಕಷ್ಟ. ದನಿಯಲ್ಲಿ ಏರಿಳಿತ ಇರುವುದಿಲ್ಲ, ಮುಖದಲ್ಲಿ ಭಾವ ಕಾಣುವುದಿಲ್ಲ. ತಮಗೆ ಏನೂ ಆಗಿಲ್ಲ ಎಂದೇ ಕೆಲವರು ನಂಬಿರುತ್ತಾರೆ. ನಮ್ಮ ಮಾವನೂ ಹೀಗೇ, ನಾವು ಕೇಳಿದಾಗಲೆಲ್ಲ ಒಂದೇ ದನಿಯಲ್ಲಿ "ಪರವಾಗಿಲ್ಲ" ಎನ್ನುತ್ತಿದ್ದರು. ರಾತ್ರಿ ಮೂರಕ್ಕೆ ಎದ್ದು ನೋಡಿದರೆ ಮಂಚದ ಅಂಚಿನಲ್ಲಿ ಕೂತು, ಬಲಗೈಯಿಂದ ಎಡಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

ಸಣ್ಣ ಮಾತಿಗೂ ಅಳು ಉಕ್ಕಿ, ನಿಮಿಷದಲ್ಲಿ ನಿಂತುಹೋದರೆ ಅದು ಖಿನ್ನತೆಯೇ ಆಗಬೇಕಿಲ್ಲ. ಅಳು ತಡೆಯುವ ಮೆದುಳಿನ ದಾರಿಗೇ ಪೆಟ್ಟಾಗಿರಬಹುದು. ದುಃಖವಿಲ್ಲದೆ ಸುಮ್ನೆ ಕೂತೇ ಇರುವವರೂ ಇದ್ದಾರೆ. ಅದು ನಿರಾಸಕ್ತಿ. ಸೋಮಾರಿತನ ಎಂದು ಬೈಯಬೇಡಿ.

3. ನಿದ್ದೆ, ಊಟ, ವ್ಯಾಯಾಮ ಹೇಗಿತ್ತು ಎಂದು ಎರಡು ವಾರ ದಿನವೂ ಮೂರು ಸಾಲು ಬರೆದಿಡಿ. ಮೊಬೈಲ್ ಬೇಡ, ಮಂಚದ ಪಕ್ಕ ನೋಟ್‌ಬುಕ್ಕೇ ಇರಲಿ. ಆಗ ಮನೆಯವರೆಲ್ಲ ಬರೆಯುತ್ತಾರೆ. ಅದನ್ನೇ ವೈದ್ಯರ ಮುಂದಿಡಿ. ಪರಿಸ್ಥಿತಿ ಬಿಗಡಾಯಿಸಿದರೆ ಎರಡು ವಾರ ಕಾಯಬೇಡಿ.

4. "ಬದುಕೋದೇ ಬೇಡ ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮೆದುಳಿನ ಟಾನಿಕ್ ಎಂದು ಮಾರುವ ಬಾಟಲಿಗಳಿಗೆ ದುಡ್ಡು ಸುರಿಯಬೇಡಿ. ಬೇರೆಯವರ ಖಿನ್ನತೆಯ ಮಾತ್ರೆಯನ್ನೂ ಕೊಡಬೇಡಿ. ಸ್ಟ್ರೋಕ್ ಆದವರಿಗೆ ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಖಿನ್ನತೆ ಕಡಿಮೆಯಾಯಿತು, ಮೂಳೆ ಮುರಿತ ಜಾಸ್ತಿಯಾಯಿತು. ವೈದ್ಯರೇ ತೂಗಿ ನೋಡಿ ಕೊಡಲಿ. ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೂ ನೋಟ್‌ಬುಕ್ ಮುಂದುವರಿಯಲಿ.